ಹೂಂ, ಆಮೇಲೆ?

ನಮ್ಮ ಬೀರುವಿನಲ್ಲಿ, ಚಳಿಗಾಲದ ಕೋಟುಗಳ ಹಿಂದೆ, ಒಂದು ಫುಟ್‌ಬಾಲ್ ಅಂಗಿ ನೇತಾಡುತ್ತಿದೆ. ಹನ್ನೆರಡು ವರ್ಷದ ಹುಡುಗಿಯ ಅಳತೆಯದು. ಬೆನ್ನಿಗೆ ನಾಲ್ಕರ ಅಂಕಿ, ಮೊಣಕೈ ಹತ್ತಿರ ಒಣಗಿದ ಕೆಸರು. ಬಣ್ಣ ಯಾವುದು ಎಂದು ಕೇಳಿದರೆ ಮಾತ್ರ ನನಗೆ ತೊದಲು ಶುರುವಾಗುತ್ತದೆ. ಹೊಲಿದವರು ಬಿಳಿ ಎಂದೇ ಹೊಲಿದಿದ್ದರು. ಆಮೇಲೆ ಅದು ನಮ್ಮಮ್ಮನ ಕೈಗೆ ಸಿಕ್ಕಿತು.

ಮೊನ್ನೆ ಬೆಳಿಗ್ಗೆ ಕೋಟು ಹುಡುಕಲು ಹೋದವಳಿಗೆ ಈ ಅಂಗಿ ಸಿಕ್ಕಿ, ಕೋಟು ಮರೆತು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ರೈಲು ತಪ್ಪಿತು. ಈ ದೇಶದಲ್ಲಿ ರೈಲು ತಡವಾಗುವ ದಿನ ನಾನು ಮುಂಚೆಯೇ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಡುಗುತ್ತಿರುತ್ತೇನೆ, ನಾನು ತಡವಾದ ದಿನ ಅದು ಸಮಯಕ್ಕೆ ಸರಿಯಾಗಿ ಹೊರಟುಹೋಗುತ್ತದೆ. ಇರಲಿ, ಆಫೀಸಿನವರಿಗೆ ರೈಲಿನ ಮೇಲೆ ಹಾಕಿ ಒಂದು ಮೆಸೇಜ್ ಕಳಿಸಿದೆ. ನಿಮಗಾದರೆ ನಿಜ ಹೇಳುತ್ತೇನೆ.

ನಿಜ ಹೇಳಬೇಕಾದರೆ ನೀಲಿಯಿಂದ ಶುರು ಮಾಡಬೇಕು. ಬಿಳಿ ಬಟ್ಟೆಗೆ ಹಾಕುವ ನೀಲಿ. ಮೈಸೂರಿನಲ್ಲಿ ನಮ್ಮ ಸ್ಕೂಲಿಗೆ ಶನಿವಾರ ಬಿಳಿ ಯೂನಿಫಾರಂ. ಶುಕ್ರವಾರ ಸಂಜೆ ಬಚ್ಚಲಿನ ಬಕೆಟ್ಟಿನಲ್ಲಿ ಅಮ್ಮ ನೀಲಿ ಕದಡುತ್ತಿದ್ದಳು. ಬೆರಳ ತುದಿಯಲ್ಲಿ ನೀರೆತ್ತಿ, ಬೆಳಕಿಗೆ ಹಿಡಿದು, 'ಇನ್ನೊಂದು ಚೂರು' ಎನ್ನುತ್ತಿದ್ದಳು. ಆ 'ಇನ್ನೊಂದು ಚೂರು' ನನ್ನ ಬಾಲ್ಯಕ್ಕೆ ಬಡಿದ ಶಾಪ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರೂ ಬೆಳ್ಳಗೆ ನಿಂತಿದ್ದರೆ ನಾನೊಬ್ಬಳು ಬೇರೆ ಸ್ಕೂಲಿನಿಂದ ತಪ್ಪಿಸಿಕೊಂಡು ಬಂದವಳ ಹಾಗೆ ಕಾಣುತ್ತಿದ್ದೆ. ಪಿ.ಟಿ. ಮೇಡಂ ದೂರದಿಂದಲೇ 'ಏ ನೀಲಿ, ಲೈನ್ ಸರಿ ಮಾಡು' ಎಂದು ಕೂಗುತ್ತಿದ್ದರು. ಥ್ರೋಬಾಲ್ ತಂಡಕ್ಕೆ ನನ್ನನ್ನು ಸೇರಿಸಿಕೊಂಡಿದ್ದೂ ದೂರದಿಂದ ಗುರುತು ಸಿಗುತ್ತೇನೆ ಎನ್ನುವ ಕಾರಣಕ್ಕೇ ಇರಬೇಕು. ಎಂಟನೇ ಕ್ಲಾಸಿನಿಂದ ಹತ್ತನೆಯವರೆಗೆ ನಾನು ಎಕ್ಸ್‌ಟ್ರಾ ಆಟಗಾರ್ತಿ. ನೀರಿನ ಬಾಟಲಿ, ಎಲ್ಲರ ಚಪ್ಪಲಿ, ಇಷ್ಟನ್ನು ಮೂರು ವರ್ಷ ಕಾಯ್ದೆ. ಚಪ್ಪಲಿ ಕಳೆದುಹೋದ ದೂರು ಒಂದೂ ಇಲ್ಲ.

ನನ್ನ ಕ್ರೀಡಾಜೀವನ ಇಷ್ಟರಲ್ಲಿ ಮುಗಿಯಿತು. ಈಗ ನೆದರ್ಲೆಂಡ್ಸಿನ ನೈಮೆಗನ್‌ನಲ್ಲಿ ಒಂದು ಚಿಪ್ ಕಂಪನಿಯಲ್ಲಿ ಚಿಪ್‌ಗಳ ತಪ್ಪು ಹುಡುಕುವ ಕೆಲಸ. ನಾನು ನನ್ನ ಕೆಲಸ ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಯಾರ ಫೋನೂ ಕೆಡುವುದಿಲ್ಲ, ಯಾರ ಕಾರೂ ನಿಲ್ಲುವುದಿಲ್ಲ. ಏನೂ ಆಗದಿದ್ದದ್ದಕ್ಕೆ ಯಾರೂ ಬಂದು ಬೆನ್ನು ತಟ್ಟುವುದೂ ಇಲ್ಲ. ಇದನ್ನು ಯಾಕೆ ಹೇಳಿದೆನೆಂದರೆ, ಇದೇ ಮಾತನ್ನು ನನಗೆ ಒಬ್ಬ ಇಂಗ್ಲಿಷಿನವನು ಫುಟ್‌ಬಾಲಿನ ಬಗ್ಗೆ ಹೇಳಿದ್ದ. ಆವತ್ತಿನಿಂದ ಅವನ ಮೇಲೆ ನನಗೆ ಒಂದು ಬಗೆಯ ಅಕ್ಕರೆ.

ಅವನ ಹೆಸರು ನೈಜೆಲ್. ಸಿಕ್ಕಿದ್ದು ಡಚ್ ಭಾಷೆಯ ತರಗತಿಯಲ್ಲಿ. ನಮ್ಮಂಥ ವಲಸಿಗರು ಈ ದೇಶದಲ್ಲಿ ಬೇರೂರಬೇಕೆಂದರೆ ಸರ್ಕಾರದ ಪರೀಕ್ಷೆ ಕಟ್ಟಬೇಕು, ಅದಕ್ಕೆ ಸಂಜೆ ತರಗತಿ. ಸಿರಿಯಾದವರು, ಟರ್ಕಿಯವರು, ಬ್ರೆಜಿಲ್‌ನವಳೊಬ್ಬಳು, ನಾನು. ಹಿಂದಿನ ಬೆಂಚಿನಲ್ಲಿ ಬಾಗಿಲೆತ್ತರದ, ಮೂಗು ಎರಡು ಕಡೆ ಸೊಟ್ಟಗಾದ, ಐವತ್ತರ ಆಸುಪಾಸಿನ ಇಂಗ್ಲಿಷಿನವನು. ನಮ್ಮಜ್ಜ ಇದ್ದಿದ್ದರೆ ಈ ದೃಶ್ಯ ನೋಡಿ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು. ಇನ್ನೂರು ವರ್ಷ ನಮ್ಮನ್ನು ಆಳಿದವರ ಕಡೆಯವನು ನನ್ನ ಪಕ್ಕ ಕುಳಿತು 'ನಾನು ನಿನ್ನೆ ಬ್ರೆಡ್ಡು ಕೊಂಡೆನು' ಎನ್ನುವ ವಾಕ್ಯವನ್ನು ನನ್ನನ್ನು ನೋಡಿ ಕಾಪಿ ಹೊಡೆಯುತ್ತಿದ್ದ! ನನ್ನದೂ ತಪ್ಪಿತ್ತು, ಅದು ಬೇರೆ ವಿಷಯ.

ನೈಜೆಲ್ ಈ ದೇಶಕ್ಕೆ ಬಂದು ಬಹಳ ವರ್ಷವಾಗಿತ್ತು. ಭಾಷೆ ಮಾತ್ರ ಬಂದಿರಲಿಲ್ಲ. ಅದಕ್ಕೆ ಕಾರಣ ಡಚ್ಚರ ಒಳ್ಳೆಯತನ. ನಾವು ಕಷ್ಟಪಟ್ಟು ಒಂದು ಡಚ್ ವಾಕ್ಯ ಜೋಡಿಸಿ ಅಂಗಡಿಯಲ್ಲಿ ಒಪ್ಪಿಸಿದರೆ ಸಾಕು, ಅವರು ಮುಗುಳ್ನಕ್ಕು ಚೊಕ್ಕ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಬಿಡುತ್ತಾರೆ. ನನಗಾದರೂ ಬಣ್ಣ ನೋಡಿ ಒಮ್ಮೊಮ್ಮೆ ಡಚ್ಚಿನಲ್ಲಿ ಮುಂದುವರಿಸುತ್ತಿದ್ದರು. ನೈಜೆಲ್ ಬಾಯಿ ತೆರೆದರೆ ಇಂಗ್ಲಿಷಿನವನೆಂದು ನಾಲ್ಕು ಬೀದಿಗೆ ಗೊತ್ತಾಗುತ್ತಿತ್ತು. ಅವನ ಹೆಂಡತಿಯೇ ಡಚ್ಚಿನವಳು, ಅವಳೂ ಎರಡನೇ ವಾಕ್ಯಕ್ಕೆ ತಾಳ್ಮೆಗೆಟ್ಟು ಇಂಗ್ಲಿಷಿಗೆ ಇಳಿಯುತ್ತಿದ್ದಳಂತೆ. ಅದಕ್ಕೇ ನಾನೂ ಅವನೂ ಒಂದು ಒಪ್ಪಂದ ಮಾಡಿಕೊಂಡೆವು. ಏನೇ ಆಗಲಿ, ನಮ್ಮಿಬ್ಬರ ನಡುವೆ ಡಚ್ಚೇ. ಕಾಫಿ ವಿರಾಮದಲ್ಲಿ ನಾವು ಮಾತಾಡುವುದನ್ನು ಕೇಳಿ ನಮ್ಮ ಟೀಚರಮ್ಮ ಎದ್ದು ಹೊರಗೆ ಹೋಗುತ್ತಿದ್ದಳು.

ಅವನು ನಮ್ಮ ಬಡಾವಣೆಯ ಕ್ಲಬ್ಬಿನಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತಾನೆ ಎಂದು ಗೊತ್ತಾಗಿ ನನ್ನ ಮಗಳು ತನ್ವಿಯನ್ನು ಸೇರಿಸಿದೆ. ಅವಳ ಕಾಲನ್ನೂ ಕಣ್ಣನ್ನೂ ನೋಡಿ ಅವನು ಡಿಫೆಂಡರ್ ಜಾಗದಲ್ಲಿ ನಿಲ್ಲಿಸಿದ. ನನಗೆ ಬೇಜಾರಾಯಿತು. ಗೋಲು ಹೊಡೆಯುವ ಜಾಗ ಬಿಟ್ಟು, ಹಿಂದೆ ನಿಂತು ಕಾಯುವ ಜಾಗ! ಚಪ್ಪಲಿ ಕಾಯುವುದು ನಮ್ಮ ವಂಶಕ್ಕೇ ಅಂಟಿದೆಯೋ ಏನೋ ಎನಿಸಿ ಕೇಳಿಯೂ ಕೇಳಿದೆ. ಆಗಲೇ ಅವನು ಆ ಮಾತು ಹೇಳಿದ್ದು. "ಡಿಫೆಂಡರ್ ಒಳ್ಳೆಯ ಕೆಲಸ ಮಾಡುತ್ತಾನೆ. ಆಗ ಏನೂ ಆಗುವುದಿಲ್ಲ. ಏನೂ ಆಗದ್ದು ಚೆಂದ." ಅವನ ಡಚ್ಚು ಅಷ್ಟೇ ಇತ್ತು, ನನ್ನದೂ ಅಷ್ಟೇ ಇದ್ದದ್ದರಿಂದ ಪೂರ್ತಿ ಅರ್ಥವಾಯಿತು.

ಆ ವಸಂತದಲ್ಲಿ ಅಮ್ಮ ಮೂರು ತಿಂಗಳ ವೀಸಾದ ಮೇಲೆ ಬಂದಳು. ಮೈಸೂರಿನಲ್ಲಿ ನನ್ನ ಅಕ್ಕನ ಮನೆಯನ್ನೂ, ಆ ಬೀದಿಯನ್ನೂ ಆಳಿಕೊಂಡಿರುವವಳು. ಸೂಟ್‌ಕೇಸು ತೆರೆದರೆ ಹುರಿಗಾಳು, ಕೋಡುಬಳೆ, ಮೆಂತ್ಯದ ಹಿಟ್ಟು, ಮತ್ತು ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೀಲಿಯ ಬಾಟಲಿ. "ಇಲ್ಲಿ ಸಿಗತ್ತೋ ಇಲ್ವೋ ಅಂತ ತಂದೆ ಕಣೇ" ಎಂದಳು. ನಾನು ನಕ್ಕು ಅದನ್ನು ಸಿಂಕಿನ ಕೆಳಗೆ ಇಟ್ಟೆ.

ಒಂದು ಬುಧವಾರ ಮಳೆ ಜೋರಾಗಿ ಬಂದು ನೈಜೆಲ್ ತನ್ವಿಯನ್ನು ಕಾರಿನಲ್ಲಿ ಮನೆಗೆ ತಂದು ಬಿಟ್ಟ. ಬಾಗಿಲಲ್ಲಿ ನಿಂತವನನ್ನು ಅಮ್ಮ ಹಾಗೇ ಕಳಿಸುವುದುಂಟೇ? "ಕೂತ್ಕೊಳ್ಳಿ ಮೇಷ್ಟ್ರೇ, ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗಿ" ಎಂದು ಅಪ್ಪಟ ಮೈಸೂರು ಕನ್ನಡದಲ್ಲಿ ಹೇಳಿ ಕುರ್ಚಿ ಎಳೆದಳು. ಅವನು ಕುಳಿತ. ಕಾಫಿ ಕುಡಿದ. ಯಾವುದೋ ಚಿಂತೆಯಲ್ಲಿದ್ದಾನೆ ಎಂದು ನನಗಿಂತ ಮೊದಲು ಅಮ್ಮನಿಗೆ ಗೊತ್ತಾಯಿತು.

"ಏನಂತೆ ಕೇಳು."

ಕೇಳಿದೆ. ಅವನು ತಡವರಿಸಿ ಹೇಳಿದ್ದರ ಸಾರಾಂಶ ಇದು: ಹಗಲು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ, ಸಂಜೆ ಕ್ಲಬ್ಬಿನಲ್ಲಿ ಸಂಬಳವಿಲ್ಲದ ಕೋಚಿಂಗು. ರಾಟರ್‌ಡ್ಯಾಮ್‌ನ ಒಂದು ದೊಡ್ಡ ಕ್ಲಬ್ಬು ಮಕ್ಕಳ ತಂಡಕ್ಕೆ ಅವನನ್ನು ಕರೆದಿದೆ, ಬೇಸಿಗೆಯ ತನಕ ಜಾಗ ಹಿಡಿದಿಟ್ಟಿದ್ದಾರೆ. ಆದರೆ ಕೋಚ್ ಡಿಪ್ಲೊಮಾ ಬೇಕು. ಡಿಪ್ಲೊಮಾ ಕೊಡುವ ಮುನ್ನ ಪರೀಕ್ಷಕರು ಒಂದು ನಿಜವಾದ ಪಂದ್ಯಕ್ಕೆ ಬಂದು ಕೂರುತ್ತಾರೆ. ಮಧ್ಯಂತರದಲ್ಲಿ ಮಕ್ಕಳಿಗೆ ಕೋಚ್ ಏನು ಹೇಳುತ್ತಾನೆ ಎಂದು ನೋಡುತ್ತಾರೆ, ಅದನ್ನು ಡಚ್ಚಿನಲ್ಲೇ ಹೇಳಬೇಕು. ಹೋದ ಸಲ ಅವನು ಮೂರನೇ ವಾಕ್ಯಕ್ಕೆ ಇಂಗ್ಲಿಷಿಗೆ ಜಾರಿ ಫೇಲಾದ. ಈ ಸಲವೂ ಹೋದರೆ ರಾಟರ್‌ಡ್ಯಾಮ್ ಇಲ್ಲ. "ಆಗ ಫೋರ್ಕ್‌ಲಿಫ್ಟ್. ಯಾವಾಗಲೂ ಫೋರ್ಕ್‌ಲಿಫ್ಟ್" ಎಂದ. ಅಭ್ಯಾಸ ಮಾಡೋಣವೆಂದರೆ ಯಾರ ಮುಂದೆ ಮಾಡುವುದು, ಎಲ್ಲರೂ ಇಂಗ್ಲಿಷಿಗೆ ತಿರುಗಿಬಿಡುತ್ತಾರಲ್ಲ.

ನಾನು ಅಮ್ಮನಿಗೆ ಹೇಳಿದೆ. ಅಮ್ಮ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸದೆ, "ಅಷ್ಟೇ ತಾನೇ? ನನ್ ಮುಂದೆ ಹೇಳಲಿ. ನಂಗ್ ಇಂಗ್ಲಿಷೂ ಬರಲ್ಲ, ಇವರ್ ಭಾಷೆನೂ ಬರಲ್ಲ" ಎಂದಳು.

ಓದುಗರೇ, ನೀವು ಕನ್ನಡದ ಮನೆಯಲ್ಲಿ ಬೆಳೆದವರಾದರೆ ನಿಮಗೆ ಹೂಂಗುಟ್ಟುವುದು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಥೆ ಹೇಳುವವರು ಹೇಳುತ್ತಿದ್ದರೆ ಕೇಳುವವರು ಹೂಂ, ಹೂಂ ಎನ್ನುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಅಮ್ಮ ಹೂಂಗುಟ್ಟುವುದರಲ್ಲಿ ಎತ್ತಿದ ಕೈ. ಸ್ಕೂಲಿನಿಂದ ಬಂದು ಏನೋ ಒಂದು ಸುಳ್ಳು ಹೊಸೆದು ಹೇಳುತ್ತಿದ್ದರೆ, ಅವಳು ತಲೆಯೆತ್ತದೆ ಸೊಪ್ಪು ಬಿಡಿಸುತ್ತ "ಹೂಂ, ಆಮೇಲೆ?" ಎನ್ನುತ್ತಿದ್ದಳು. ಬೈದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಆ 'ಆಮೇಲೆ'ಗೆ ಮಾತ್ರ ಉತ್ತರ ಕೊಡಲೇಬೇಕು. ಎರಡು 'ಆಮೇಲೆ' ಆಗುವಷ್ಟರಲ್ಲಿ ನನ್ನ ಸುಳ್ಳು ಬರಿದಾಗಿ, ಮೂರನೆಯದಕ್ಕೆ ಗಣಿತದ ಪೇಪರು ಬ್ಯಾಗಿನಿಂದ ತಾನಾಗಿ ಹೊರಗೆ ಬರುತ್ತಿತ್ತು. ಬೀದಿಯ ಹೆಂಗಸರು ಮನೆಯ ಗುಟ್ಟುಗಳನ್ನು ನಮ್ಮ ಅಡುಗೆಮನೆಗೆ ತಂದು ಸುರಿಯುತ್ತಿದ್ದದ್ದೂ ಈ ಒಂದು ಮಾತಿಗಾಗಿ.

ಹೀಗೆ ಬುಧವಾರ ಸಂಜೆಗಳಲ್ಲಿ ನಮ್ಮ ಊಟದ ಮೇಜಿನ ಮೇಲೆ ನಾಲ್ಕು ಸ್ಟೀಲ್ ಲೋಟಗಳು ಸಾಲಾಗಿ ನಿಲ್ಲತೊಡಗಿದವು. ಲೋಟಗಳು ಡಿಫೆಂಡರುಗಳು. ಒಂದು ನಿಂಬೆಹಣ್ಣು ಚೆಂಡು. ನೈಜೆಲ್ ಲೋಟಗಳನ್ನು ಸರಿಸುತ್ತ ಡಚ್ಚಿನಲ್ಲಿ ವಿವರಿಸುತ್ತಿದ್ದ, ಅಮ್ಮ ಹೂಂಗುಟ್ಟುತ್ತಿದ್ದಳು. ಅವನು ಪದ ಸಿಗದೆ ನಿಂತರೆ ಅವಳು ಚಾಕು ಎತ್ತಿ ಹಿಡಿದು "ಹೂಂ, ಆಮೇಲೆ?" ಎನ್ನುತ್ತಿದ್ದಳು. ಅವನು ಬೆದರಿ ಮುಂದಿನ ಪದ ಹುಡುಕಿಕೊಳ್ಳುತ್ತಿದ್ದ.

ಎರಡನೇ ವಾರ ಅವನು ನನ್ನನ್ನು ಕೇಳಿದ, "ಮೆವ್ರೌ ಅಜ್ಜಿ ಯಾವಾಗಲೂ ಹೇಳುತ್ತಾರಲ್ಲ, ಆ-ಮೇ-ಲೆ. ಏನದು?" ಮೆವ್ರೌ ಎಂದರೆ ಡಚ್ಚಿನಲ್ಲಿ ಅಮ್ಮಾವರು. ತನ್ವಿ ಕರೆಯುವ ಅಜ್ಜಿಯನ್ನು ಅದಕ್ಕೆ ಅಂಟಿಸಿ ಅವನು ನಮ್ಮಮ್ಮನಿಗೆ ಪದವಿ ಕೊಟ್ಟಿದ್ದ. ನಾನು ಅರ್ಥ ಹೇಳಿದೆ. ಅವನು ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಟ್ಟಿದ.

"ಅದೇ," ಎಂದ. "ಅದೇ ನಮ್ಮ ಕೆಲಸ. ಚೆಂಡು ಬರುತ್ತದೆ. ನಾನು ತಲೆಯಿಂದ ಹೊಡೆಯುತ್ತೇನೆ. ದೂರ ಹೋಯಿತು. ಕೆಟ್ಟ ಡಿಫೆಂಡರ್ ನಿಂತು ನೋಡುತ್ತಾನೆ, ಆಹಾ ಎಷ್ಟು ಚೆನ್ನಾಗಿ ಹೊಡೆದೆ ಅಂತ. ಒಳ್ಳೆಯವನು ಕೇಳುತ್ತಾನೆ, ಆಮೇಲೆ? ಚೆಂಡು ಯಾರ ಹತ್ತಿರ? ನಾನು ಎಲ್ಲಿಗೆ?" ಮುಂದಿನ ವಾರದಿಂದ ಮೈದಾನದಲ್ಲಿ ಡಚ್ ಹುಡುಗಿಯರ ಮೇಲೆ 'ಆಮೇಲೆ! ಆಮೇಲೆ!' ಎಂಬ ಕೂಗು ಬೀಳತೊಡಗಿತು. ಅದು ಇಂಗ್ಲೆಂಡಿನ ಯಾವುದೋ ಫುಟ್‌ಬಾಲ್ ಪದವೆಂದು ಅವರು ತಿಳಿದುಕೊಂಡರು. ತನ್ವಿ ಮನೆಗೆ ಬಂದು, "ಅಮ್ಮಾ, ಇಟ್ಸ್ ಸೋ ಎಂಬರಾಸಿಂಗ್! ಅಜ್ಜಿಗೆ ಹೇಳು, ಅವರಿಗೆ ಇನ್ನೇನೂ ಕಲಿಸೋದು ಬೇಡ ಅಂತ" ಎಂದು ಹಲ್ಲು ಕಡಿದಳು.

ನಾನು ಎಷ್ಟು ದಿನ ಕೇಳಿದ್ದರೂ ಹೊರಬರದಿದ್ದ ನೈಜೆಲ್‌ನ ಬದುಕು ಅಮ್ಮನ 'ಆಮೇಲೆ'ಗೆ ಸಲೀಸಾಗಿ ಹೊರಬಂತು. ಇಂಗ್ಲೆಂಡಿನ ಉತ್ತರದ ಒಂದು ಪುಟ್ಟ ಊರು. ಹದಿನಾರಕ್ಕೆ ಕ್ಲಬ್ಬು ಸೇರಿ ಹಿರಿಯ ಆಟಗಾರರ ಬೂಟು ಉಜ್ಜಿದ್ದು. 'ನಿನಗೆ ಓಟವಿಲ್ಲ, ಕಾಲಲ್ಲಿ ಕಲೆಯಿಲ್ಲ, ಹೆದರಿಕೆಯೂ ಇಲ್ಲ, ಹಿಂದೆ ಹೋಗಿ ನಿಲ್ಲು' ಎಂದು ಯಾರೋ ಹೇಳಿ ಡಿಫೆಂಡರ್ ಆದದ್ದು. ಟಿವಿಯಲ್ಲಿ ಬಾರದ ಕೆಳಗಿನ ಲೀಗುಗಳು, ಬಸ್ಸಿನಲ್ಲಿ ಪ್ರಯಾಣ, ಹುಬ್ಬಿಗೆ ಹೊಲಿಗೆ. ಒಂದೇ ಒಂದು ಸಲ ಟಿವಿಯಲ್ಲಿ ಬಂದದ್ದು, ಗೋಲಿನ ಗೆರೆಯ ಮೇಲೆ ಚೆಂಡನ್ನು ಮೂಗಿನಿಂದ ತಡೆದಾಗ. ಮೂಗು ಮುರಿಯಿತು, ಗೋಲು ಆಗಲಿಲ್ಲ. ವರದಿಗಾರ ಚೆಂಡು ಹೊಡೆದವನ ಹೆಸರನ್ನು ಮೂರು ಸಲ ಹೇಳಿ, ಇವನನ್ನು 'ಒಬ್ಬ ಡಿಫೆಂಡರ್' ಎಂದನಂತೆ. ಕೊನೆಗೆ, ವಯಸ್ಸಾಗುತ್ತಿದ್ದಾಗ, ಈ ದೇಶದ ಒಂದು ಸಣ್ಣ ಕ್ಲಬ್ಬು ಒಂದು ವರ್ಷಕ್ಕೆಂದು ಕರೆಯಿತು. ಎರಡನೇ ತಿಂಗಳಿಗೆ ಮಂಡಿ ಹೋಯಿತು. ಮಂಡಿಗೆ ಚಿಕಿತ್ಸೆ ಕೊಟ್ಟವಳನ್ನೇ ಮದುವೆಯಾಗಿ ಇಲ್ಲೇ ಉಳಿದ.

ಮಂಡಿಯ ವಿಷಯಕ್ಕೆ ಬಂದಾಗ ಅವನ ದನಿ ಇಳಿಯಿತು. ಅಮ್ಮ ತಟ್ಟೆಗೆ ಇನ್ನೆರಡು ಕೋಡುಬಳೆ ಹಾಕಿದಳು. ನಾನು ಅನುವಾದಿಸಲು ಹೋದರೆ, "ನೀನ್ ಮಧ್ಯ ಬಾಯ್ ಹಾಕ್ಬೇಡ, ನಂಗ್ ಎಲ್ಲಾ ಗೊತ್ತಾಗತ್ತೆ" ಎಂದು ಗದರಿದಳು. ಅವಳಿಗೆ ಏನು ಗೊತ್ತಾಗಿತ್ತು ಎನ್ನುವುದು ಆ ಭಾನುವಾರ ಅಕ್ಕನಿಗೆ ಫೋನು ಮಾಡಿದಾಗ ತಿಳಿಯಿತು. "ಪಾಪ ಕಣೇ, ಮೇಷ್ಟ್ರು ಮಿಲಿಟರಿಲಿದ್ರಂತೆ. ಗಡಿ ಕಾಯೋ ಕೆಲ್ಸ. ಮಂಡಿಗೆ ಏಟ್ ಬಿದ್ದು ಬಿಟ್ಟು ಬಂದ್ರಂತೆ." ಸಾಲಾಗಿ ನಿಂತ ಲೋಟಗಳನ್ನು ನೋಡಿದರೆ ಯಾರಿಗಾದರೂ ಹಾಗೇ ಅನಿಸಬೇಕು. ನಾನು ತಿದ್ದಲಿಲ್ಲ.

ಈಗ ಅಂಗಿಯ ವಿಷಯ. ಇಲ್ಲಿಯ ಕ್ಲಬ್ಬುಗಳಲ್ಲಿ ಪಂದ್ಯ ಮುಗಿದ ಮೇಲೆ ತಂಡದ ಅಷ್ಟೂ ಅಂಗಿಗಳನ್ನು ಒಂದು ದೊಡ್ಡ ಚೀಲಕ್ಕೆ ತುಂಬಿ ಒಂದು ಮನೆಗೆ ಕೊಡುತ್ತಾರೆ. ತೊಳೆದು ಮುಂದಿನ ಶನಿವಾರ ತರುವುದು ಆ ಮನೆಯವರ ಪಾಳಿ. ಡಾಕ್ಟರಾಗಲಿ ಪ್ರೊಫೆಸರಾಗಲಿ ಪಾಳಿ ತಪ್ಪುವುದಿಲ್ಲ. ನೈಜೆಲ್‌ನ ಪರೀಕ್ಷೆಯ ವಾರವೇ ನಮ್ಮ ಪಾಳಿ ಬಂತು. ನಾನು ಗುರುವಾರ ರಾತ್ರಿ ಯಂತ್ರಕ್ಕೆ ಹಾಕಿ ತೆಗೆದು, ಬೆಳಿಗ್ಗೆ ಒಣಹಾಕಿ ಕೆಲಸಕ್ಕೆ ಹೋದೆ. ಶುಕ್ರವಾರ ಸಂಜೆ ಬಂದರೆ ಬಾಲ್ಕನಿಯಲ್ಲಿ ಆಕಾಶ ಇಳಿದುಬಂದಿತ್ತು.

"ಬಿಳಿ ಬಟ್ಟೆ ಅಂತಾರಾ ಅದನ್ನ? ಕಾಮಾಲೆ ಬಂದ ಹಾಗ್ ಇತ್ತು," ಎಂದು ಅಮ್ಮ ಹೆಮ್ಮೆಯಿಂದಲೇ ಶುರು ಮಾಡಿದಳು. "ಪರೀಕ್ಷೆಗೆ ಬರೋರ್ ಮುಂದೆ ಮಕ್ಕಳು ಹಾಗ್ ನಿಂತ್ಕೊಂಡ್ರೆ ಮೇಷ್ಟ್ರ ಮರ್ಯಾದೆ ಏನಾಗ್ಬೇಕು ಅಂತ ಒಂಚೂರ್ ನೀಲಿ..." ನನ್ನ ಮುಖ ನೋಡಿ ಮಾತು ನಿಂತಿತು. ಅವಳಿಗೂ ಕಾಣುತ್ತಿತ್ತು. "ಬಕೆಟ್ ಚಿಕ್ಕದು ಕಣೇ ನಿಮ್ಮನೇದು. ಅಳತೆ ತಪ್ತು."

ಎರಡು ಸಲ ಮತ್ತೆ ಯಂತ್ರಕ್ಕೆ ಹಾಕಿದೆ. ನೀಲಿ ಜಗ್ಗಲಿಲ್ಲ. ಅಮ್ಮ ಊಟ ಮಾಡಲಿಲ್ಲ. "ಅವರ್ ಕೆಲಸಕ್ಕೆ ಕಲ್ ಹಾಕ್ಬಿಟ್ನಲ್ಲೇ" ಎಂದು ಒಂದೇ ಸಮನೆ ಕೈ ಹಿಸುಕಿಕೊಳ್ಳುತ್ತಿದ್ದಳು. ಜೀವಮಾನವೆಲ್ಲ ನೀಲಿ ಹಾಕಿದವಳು ನೀಲಿಯ ಬಗ್ಗೆ ಪಶ್ಚಾತ್ತಾಪ ಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಮೂರು ವರ್ಷದ ಥ್ರೋಬಾಲಿನ ಸೇಡು ತೀರಬೇಕಿತ್ತು, ತೀರಲಿಲ್ಲ. ಸಂಕಟವೇ ಆಯಿತು.

ಶನಿವಾರ ಬೆಳಿಗ್ಗೆ ಬಿಸಿಲಿತ್ತು. ಪರೀಕ್ಷಕಿ ಆಗಲೇ ಬಂದಿದ್ದಳು, ಉದ್ದನೆಯ ಹೆಂಗಸು, ನಗದ ಮುಖ. ನಾನು ಚೀಲ ಬಿಚ್ಚಿದೆ. ಹುಡುಗಿಯರು ಒಮ್ಮೆ ಹೋ ಎಂದು ಕೂಗಿ ಬಾಯಿ ಮುಚ್ಚಿಕೊಂಡರು. ತನ್ವಿ ನನ್ನ ಪರಿಚಯವೇ ಇಲ್ಲದವಳ ಹಾಗೆ ಬೇಲಿ ನೋಡುತ್ತ ನಿಂತಳು. ಎದುರಿನ ತಂಡ ಬಸ್ಸಿನಿಂದ ಇಳಿಯಿತು. ಅವರದು ನಿಜವಾದ ನೀಲಿ ಅಂಗಿ.

ಅಮ್ಮ ಕಾರಿನ ಪಕ್ಕದಲ್ಲೇ ನಿಂತಿದ್ದಳು. ಸೀರೆಯ ಮೇಲೆ ನನ್ನ ಹಳೆಯ ಕೋಟು, ಕಾಲಿಗೆ ತನ್ವಿಯ ಶೂ. ನೈಜೆಲ್ ಒಂದು ಅಂಗಿ ಎತ್ತಿಕೊಂಡು ನೋಡಿದ, ಅಮ್ಮನನ್ನು ನೋಡಿದ, ನೇರವಾಗಿ ಅವಳ ಹತ್ತಿರ ಹೋದ. ಅಂಗಿಯನ್ನು ತನ್ನ ಎದೆಗೆ ಹಿಡಿದುಕೊಂಡು ನಿಧಾನವಾಗಿ ಡಚ್ಚಿನಲ್ಲಿ ಹೇಳಿದ, "ಮೆವ್ರೌ ಅಜ್ಜಿ. ನನ್ನ ಮೊದಲ ಕ್ಲಬ್ಬು. ಇದೇ ಬಣ್ಣ. ಸರಿಯಾಗಿ ಇದೇ. ಒಳ್ಳೆಯ ಶಕುನ."

ನಾನು ಕನ್ನಡಕ್ಕೆ ತಿರುಗಿಸಿದೆ. ಅಮ್ಮನ ಮುಖ ಅರಳಿತು. "ಹೌದಾ? ದಿಟವಾಗ್ಲೂ?" ಎಂದು ಎರಡೆರಡು ಸಲ ಕೇಳಿದಳು. ಆಮೇಲೆ ಮಡಚುವ ಕುರ್ಚಿಯನ್ನು ತಾನೇ ಎತ್ತಿಕೊಂಡು ಮೈದಾನದ ಅಂಚಿಗೆ ಬಂದು, ಹುಡುಗಿಯರ ಹಿಂದೆ ಒಳ್ಳೆಯ ಜಾಗ ನೋಡಿ ಕುಳಿತಳು. ಎರಡೂ ತಂಡ ಒಂದೇ ಬಣ್ಣವಾಗಬಾರದೆಂದು ನಮ್ಮ ಹುಡುಗಿಯರು ನೀಲಿಯ ಮೇಲೆ ಅಭ್ಯಾಸದ ಕಿತ್ತಳೆ ಮೇಲಂಗಿ ಹಾಕಿಕೊಂಡರು. ಬಣ್ಣದ ಗಲಾಟೆ ಅಲ್ಲಿಗೆ ಮುಗಿಯಿತು, ತೋಳು ಮಾತ್ರ ಕಾಣುತ್ತಿತ್ತು.

ಮೊದಲರ್ಧದಲ್ಲಿ ಒಂದು ಗೋಲು ಬಿಟ್ಟುಕೊಟ್ಟೆವು. ತನ್ವಿ ಚೆಂಡನ್ನು ಚೆನ್ನಾಗಿಯೇ ಒದ್ದು ದೂರ ಕಳಿಸಿದಳು, ಕಳಿಸಿ ನಿಂತು ನೋಡಿದಳು. ಅದು ಎದುರಿನವರ ಕಾಲಿಗೇ ಸಿಕ್ಕಿ ವಾಪಸು ಬಂತು.

ಮಧ್ಯಂತರ. ಹುಡುಗಿಯರು ಹುಲ್ಲಿನ ಮೇಲೆ ಕುಳಿತು ಕಿತ್ತಳೆ ಶರಬತ್ತು ಕುಡಿಯುತ್ತಿದ್ದರು. ಪರೀಕ್ಷಕಿ ಎರಡು ಹೆಜ್ಜೆ ಹತ್ತಿರ ಬಂದಳು. ನೈಜೆಲ್ ಶುರು ಮಾಡಿದ. ಮೊದಲ ವಾಕ್ಯ ಚೆನ್ನಾಗಿ ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಬಾಯಿ ತೆರೆದ, ಪದ ಬರಲಿಲ್ಲ. ಅವನ ಕಿವಿ ಕೆಂಪಾಯಿತು. ಕೈ ಮೇಲೆ ಹೋಗಿ ಅಲ್ಲೇ ನಿಂತಿತು. ಆ ಪದ ನನಗಾದರೂ ಗೊತ್ತಿದ್ದರೆ ಎಂದು ಪರದಾಡಿದೆ. ಗೋಲ್‌ಕೀಪರ್ ಹುಡುಗಿ ಫ್ಲೂರ್, ತುಂಬ ಒಳ್ಳೆಯ ಮಗು, ಅವನ ಕಷ್ಟ ನೋಡಲಾರದೆ ಮೆಲ್ಲಗೆ ಇಂಗ್ಲಿಷಿನಲ್ಲಿ, "ಪರವಾಗಿಲ್ಲ ಕೋಚ್, ಇಂಗ್ಲಿಷಿನಲ್ಲೇ ಹೇಳಿ, ನಮಗೆ ಅರ್ಥವಾಗುತ್ತೆ" ಎಂದಳು.

ಹೋದ ಸಲವೂ ಹೀಗೇ ಆಗಿತ್ತಂತೆ. ಯಾರೋ ಒಬ್ಬರ ಒಳ್ಳೆಯತನ. ನೈಜೆಲ್ ಅವಳ ಕಡೆ ತಿರುಗಿದ. ಅವನ ತುಟಿಯ ಮೇಲೆ ಇಂಗ್ಲಿಷು ಬಂದು ಕೂತದ್ದು ನನಗೆ ಕಾಣಿಸಿತು.

"ಹೂಂ, ಆಮೇಲೆ?"

ಅಮ್ಮ. ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ, ಕಥೆ ಅರ್ಧಕ್ಕೆ ನಿಂತ ಅಸಹನೆಯಲ್ಲಿ, ಇಡೀ ಮೈದಾನಕ್ಕೆ ಕೇಳುವಷ್ಟು ಜೋರಾಗಿ.

ಹುಡುಗಿಯರು ಹಿಂತಿರುಗಿ ನೋಡಿದರು. ಪರೀಕ್ಷಕಿಯೂ ನೋಡಿದಳು. ನೈಜೆಲ್ ಹುಡುಗಿಯರ ತಲೆಗಳ ಮೇಲಿಂದ ಅಮ್ಮನನ್ನೇ ನೋಡುತ್ತ ನಿಂತ. ಆಮೇಲೆ ಬಗ್ಗಿ, ಹುಲ್ಲಿನ ಮೇಲಿದ್ದ ಶರಬತ್ತಿನ ಲೋಟಗಳಲ್ಲಿ ನಾಲ್ಕನ್ನು ಎತ್ತಿ ಸಾಲಾಗಿ ಇಟ್ಟ. ಡಚ್ಚು ಬಂತು. ಮುರುಕು, ಸೊಟ್ಟ, ಕ್ರಿಯಾಪದ ಎಲ್ಲೆಲ್ಲೋ, ಆದರೆ ಬಂತು. ಈ ಲೋಟ ಇಲ್ಲಿಂದ ಇಲ್ಲಿಗೆ. ತನ್ವಿ, ನೀನು ಒದ್ದದ್ದು ಬಹಳ ಚೆನ್ನಾಗಿತ್ತು, ಆದರೆ ನೀನು ಅದನ್ನು ನೋಡುತ್ತ ನಿಂತೆ. ಒದ್ದ ಮೇಲೆ ಕೆಲಸ ಮುಗಿಯುವುದಿಲ್ಲ, ಒದ್ದ ಮೇಲೆ ಶುರು. ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಪರವಾಗಿಲ್ಲ, ನನಗೆ ಕಾಣಿಸುತ್ತದೆ. ಅವನು ಉಸಿರು ತೆಗೆದುಕೊಂಡಾಗಲೆಲ್ಲ ಅಮ್ಮ "ಹೂಂ" ಎನ್ನುತ್ತಿದ್ದಳು. ಕೊನೆಕೊನೆಗೆ ಫ್ಲೂರಳೂ ಹೂಂ ಎನ್ನತೊಡಗಿದಳು.

ದ್ವಿತೀಯಾರ್ಧದಲ್ಲಿ ನಾವೂ ಒಂದು ಗೋಲು ಹೊಡೆದೆವು. ಹೊಡೆದವಳು ಯಾರೆಂದು ಈಗ ನೆನಪಿಲ್ಲ. ನೆನಪಿರುವುದು ಇನ್ನೊಂದು. ತನ್ವಿ ಚೆಂಡನ್ನು ತಲೆಯಿಂದ ದೂರ ತಳ್ಳಿದಳು, ಬಿದ್ದಳು, ಬಿದ್ದಲ್ಲಿಂದ ಕೆಸರು ಮೊಣಕೈಯಲ್ಲೇ ಎದ್ದು ಚೆಂಡಿನ ಹಿಂದೆ ಓಡಿದಳು. ವಾಪಸು ಬಂದ ಚೆಂಡು ಅವಳ ಕಾಲಿಗೇ ಸಿಕ್ಕಿತು. ಏನೂ ಆಗಲಿಲ್ಲ. ನಾನು ಎದ್ದು ನಿಂತು ಹುಚ್ಚಿಯ ಹಾಗೆ ಚಪ್ಪಾಳೆ ಹೊಡೆದೆ. ಸುತ್ತ ಇದ್ದ ಡಚ್ ತಂದೆತಾಯಿಗಳು ನನ್ನನ್ನು ವಿಚಿತ್ರವಾಗಿ ನೋಡಿದರು.

ಪರೀಕ್ಷಕಿ ಹೊರಡುವಾಗ ಅಮ್ಮನ ಮುಂದೆ ನಿಂತು ಏನೋ ಹೇಳಿ ಕೈ ಕುಲುಕಿದಳು. ಅಮ್ಮ "ಆಗ್ಲಿ ತಾಯಿ, ಮೇಷ್ಟ್ರಿಗೆ ಪಾಸ್ ಮಾಡ್ಕೊಡಿ" ಎಂದಳು. ಪರೀಕ್ಷಕಿ ಮೊದಲ ಸಲ ನಕ್ಕಳು. ಮನೆಗೆ ಬರುತ್ತ ನಾನು ಕೇಳಿದೆ, "ಅಲ್ಲಮ್ಮಾ, ಅಷ್ಟು ಜನರ ಮಧ್ಯೆ ಹಾಗೆ ಕೂಗಿದೆಯಲ್ಲ?" ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರು ನಿಲ್ಸಿದ್ರು, ನಾನ್ ಕೇಳ್ದೆ. ಅದ್ರಲ್ಲೇನಿದೆ?"

ಅಮ್ಮ ಮೈಸೂರಿಗೆ ವಾಪಸು ಹೋದ ಮೇಲೆ ಫಲಿತಾಂಶ ಬಂತು. ನೈಜೆಲ್ ಸುದ್ದಿಯನ್ನು ನನಗಿಂತ ಮೊದಲು ಅವಳಿಗೇ ಹೇಳಬೇಕೆಂದು ಹಟ ಹಿಡಿದ. ವಿಡಿಯೊ ಕರೆ ಹಚ್ಚಿಕೊಟ್ಟೆ. ಅವನು ಡಚ್ಚಿನಲ್ಲಿ ಉದ್ದಕ್ಕೆ ಹೇಳಿದ, ಕಣ್ಣು ಒರೆಸಿಕೊಂಡು ಹೇಳಿದ. ಅಮ್ಮ ಹೂಂಗುಟ್ಟುತ್ತ ಕೇಳಿ, ಕೊನೆಯಲ್ಲಿ ನನ್ನ ಕಡೆ ತಿರುಗಿ "ಪಾಸಾದ್ರಂತೆ ಕಣೇ" ಎಂದು ನನಗೇ ಅನುವಾದಿಸಿದಳು.

ಉಳಿದ ಅಂಗಿಗಳನ್ನು ನಾಲ್ಕಾರು ವಾರ ತೊಳೆದು ತೊಳೆದು ಬಿಳಿ ಮಾಡಿಕೊಟ್ಟೆ. ಈ ನಾಲ್ಕನೇ ನಂಬರಿನದನ್ನು ಮಾತ್ರ ತನ್ವಿ ಬಿಟ್ಟುಕೊಡಲಿಲ್ಲ. ಕ್ಲಬ್ಬಿಗೆ ಬೇರೆ ಹೊಸ ಅಂಗಿ ತಂದುಕೊಟ್ಟು ಇದನ್ನು ಉಳಿಸಿಕೊಂಡೆವು.

ನೈಜೆಲ್ ಈಗ ರಾಟರ್‌ಡ್ಯಾಮ್‌ನಲ್ಲಿದ್ದಾನೆ. ಕಳೆದ ತಿಂಗಳು ಅವನ ಹೊಸ ಮನೆಗೆ ಊಟಕ್ಕೆ ಹೋಗಿದ್ದೆವು. ಅವನ ಕ್ಲಬ್ಬಿನ ಮಕ್ಕಳೂ 'ಆಮೇಲೆ' ಕಲಿತಿದ್ದಾರೆ, ಅವರಲ್ಲಿ ಕೆಲವರು ದೊಡ್ಡ ಆಟಗಾರರಾದರೆ ಆ ಪದ ಎಲ್ಲೆಲ್ಲಿಗೆ ಹೋಗುತ್ತದೋ ಯಾರು ಬಲ್ಲರು. ಕೈ ತೊಳೆಯಲು ಹೋಗುವಾಗ ಓಣಿಯ ಗೋಡೆಯ ಮೇಲೆ ಒಂದು ಫೋಟೊ ಕಂಡೆ. ಮೂಗು ನೆಟ್ಟಗಿದ್ದ ಕಾಲದ ನೈಜೆಲ್, ಎತ್ತರದ ಹುಡುಗ, ಹಿಂದಿನ ಸಾಲಿನ ತುದಿಯಲ್ಲಿ. ಅವನ ಮೊದಲ ಕ್ಲಬ್ಬು. ಕಡುಗೆಂಪು ಅಂಗಿ, ಬಿಳಿ ಕಾಲರು. ನೀಲಿ ಒಂದು ಎಳೆಯೂ ಇಲ್ಲ.

ನಾನು ನೋಡುತ್ತ ನಿಂತಿದ್ದೆ. ಅವನು ಹಿಂದೆ ಬಂದು ನಿಂತ. ಪರೀಕ್ಷೆಯ ಬೆಳಿಗ್ಗೆ, ತನ್ನ ಬದುಕೇ ತೂಗುಯ್ಯಾಲೆಯಲ್ಲಿದ್ದಾಗ, ಈ ಮನುಷ್ಯ ಕಾರಿನ ಪಕ್ಕ ನಿಂತಿದ್ದ ಒಬ್ಬ ಮುದುಕಿಯತ್ತ ಬರುತ್ತಿದ್ದ ಚೆಂಡನ್ನು ಅಡ್ಡ ಬಂದು ತಡೆದಿದ್ದ.

"ಮೆವ್ರೌ ಅಜ್ಜಿಗೆ ಹೇಳಬೇಡ" ಎಂದ, ಡಚ್ಚಿನಲ್ಲಿ, ಒಂದೂ ತಪ್ಪಿಲ್ಲದೆ.

ಹೇಳಿಲ್ಲ. ಆದರೆ ಅಮ್ಮ ನಾನು ಬರೆದದ್ದನ್ನೆಲ್ಲ ಓದುತ್ತಾಳೆ, ಇದನ್ನೂ ಓದುತ್ತಾಳೆ. ಇಷ್ಟರಲ್ಲೇ ಮೈಸೂರಿನಿಂದ ಫೋನು ಬರುತ್ತದೆ. ನಾನು ಎಲ್ಲಿಂದಲೋ ಶುರು ಮಾಡಿ, ಏನೇನೋ ಸುತ್ತಿಬಳಸಿ, ಆ ಕೆಂಪು ಅಂಗಿಯ ಹತ್ತಿರ ಬಂದು ತಡವರಿಸಿ ನಿಲ್ಲುತ್ತೇನೆ. ಆ ಕಡೆಯಿಂದ ಸೊಪ್ಪು ಬಿಡಿಸುವ ಸದ್ದು ಕೇಳುತ್ತಿರುತ್ತದೆ.

"ಹೂಂ," ಎನ್ನುತ್ತಾಳೆ. "ಆಮೇಲೆ?"